ಅಲಾಸ್ಕಾ ಕ್ರೂಸ್: ಸಿಯಾಟಲ್‌ನಿಂದ ಹತ್ತುವುದೋ, ವ್ಯಾಂಕೂವರ್‌ನಿಂದಲೋ?

ಅಲಾಸ್ಕಾ ಕ್ರೂಸ್ ಹುಡುಕಲು ಕೂತವರು ಮೊದಲು ಹಡಗಿನ ಚಿತ್ರ ನೋಡುತ್ತಾರೆ. ಎಷ್ಟು ಅಂತಸ್ತು, ಮಕ್ಕಳಿಗೆ ಜಾರುಬಂಡೆ ಇದೆಯೇ, ಊಟಕ್ಕೆ ಎಷ್ಟು ಕಡೆ ಕೂರಬಹುದು ಅಂತ. ಈ ಯಾನಕ್ಕೆ ಅದು ಕೊನೆಗೆ ನೋಡುವ ಸಂಗತಿ. ಹಡಗು ಯಾವ ನೀರಿನಲ್ಲಿ ಸಾಗುತ್ತದೆ, ಯಾವ ಹಿಮನದಿಯ ಎದುರು ನಿಲ್ಲುತ್ತದೆ, ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ ಎಂಬುದು ಮೊದಲು ತೀರ್ಮಾನವಾಗಬೇಕು. ಹಿರಿಯರು, ಮಕ್ಕಳು ಎಲ್ಲರನ್ನೂ ಕರೆದುಕೊಂಡು ಹೋಗುವ ಸಸ್ಯಾಹಾರಿ ಮನೆಯವರನ್ನು ಮನಸ್ಸಿನಲ್ಲಿಟ್ಟು, ಓಡಾಡಿ ನೋಡಿದ ದಾರಿಗಳನ್ನೇ ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ.

ದಾರಿ ಮೂರು, ನೀರು ಬೇರೆ ಬೇರೆ

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದು ಏಳು ರಾತ್ರಿಯ ಯಾನ. ಟಿಕೆಟ್ ಸಾಮಾನ್ಯವಾಗಿ ಅಗ್ಗ, ವಿಮಾನಗಳೂ ಹೆಚ್ಚು. ಆದರೆ ಈ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಮೊದಲ ರಾತ್ರಿ ಮತ್ತು ಮರುದಿನ ಉದ್ದನೆಯ ಅಲೆಗಳ ಮೇಲೆ ಹಡಗು ನಿಧಾನಕ್ಕೆ ಏರಿಳಿಯುತ್ತಲೇ ಇರುತ್ತದೆ. ಹಡಗು ಎಷ್ಟೇ ದೊಡ್ಡದಾದರೂ ಮೈಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಚಾರ್ಮಾಡಿ ಇಳಿಯುವಾಗಲೇ ಹೊಟ್ಟೆ ತೊಳಸುವವರಿಗೆ ಆ ಒಂದೂವರೆ ದಿನ ಕಷ್ಟ.

ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ದ್ವೀಪಕ್ಕೂ ಭೂಭಾಗಕ್ಕೂ ನಡುವಿನ ಕಿರಿದಾದ ಜಲಮಾರ್ಗದಲ್ಲಿ ಸಾಗುತ್ತದೆ. ಎರಡೂ ಕಡೆ ಕಾಡು ತುಂಬಿದ ಗುಡ್ಡ, ನೀರು ಕೆರೆಯಷ್ಟು ಶಾಂತ. ಈ ಹಾದಿಯ ಸೀಮೋರ್ ನ್ಯಾರೋಸ್‌ನಲ್ಲಿ ಉಬ್ಬರವಿಳಿತದ ಸೆಳೆತ ಜೋರಾಗಿರುವುದರಿಂದ ಆ ಸೆಳೆತ ತಗ್ಗುವ ಹೊತ್ತು ನೋಡಿಕೊಂಡೇ ಹಡಗು ದಾಟುತ್ತದೆ. ಅಲ್ಲಿ ನೀರಿನಡಿ ಇದ್ದ ರಿಪ್ಪಲ್ ರಾಕ್ ಎಂಬ ಬಂಡೆಯನ್ನು 1958ರಲ್ಲಿ ಸ್ಫೋಟಿಸಿ ಒಡೆದ ಮೇಲೆಯೇ ಈ ದಾರಿ ಇಷ್ಟು ಸಲೀಸಾದದ್ದು. ಮುಂದೆ ಕ್ವೀನ್ ಷಾರ್ಲೆಟ್ ಸೌಂಡ್‌ನಲ್ಲಿ ಕೆಲವು ಗಂಟೆ ತೆರೆದ ಕಡಲು ಸಿಗುತ್ತದೆ, ಅಷ್ಟೇ.

ಮೂರನೆಯದು ವ್ಯಾಂಕೂವರ್‌ನಿಂದ ಉತ್ತರದ ಸೀವರ್ಡ್ ಅಥವಾ ವಿಟ್ಟಿಯರ್‌ವರೆಗಿನ ಒಂದೇ ದಿಕ್ಕಿನ ಯಾನ. ಹಿಮನದಿ ಹೆಚ್ಚು ಕಾಣುವುದು ಇದರಲ್ಲೇ, ಮುಂದೆ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೂ ಹೋಗಬಹುದು. ಆದರೆ ಅಲಾಸ್ಕಾ ಕೊಲ್ಲಿಯನ್ನು ದಾಟಬೇಕು, ಅದು ಪೂರ್ತಿ ತೆರೆದ ಸಮುದ್ರ. ಬರುವುದು ಒಂದೂರಿಗೆ, ಮರಳುವುದು ಇನ್ನೊಂದೂರಿನಿಂದ ಆದ್ದರಿಂದ ವಿಮಾನದ ಖರ್ಚು ಏರುತ್ತದೆ. ಸೀವರ್ಡ್‌ನಿಂದ ಆಂಕರೇಜ್ ಸುಮಾರು 200 ಕಿ.ಮೀ., ಬಸ್ಸಿನಲ್ಲಿ ಎರಡೂವರೆ ಗಂಟೆ. ವಿಟ್ಟಿಯರ್‌ನಿಂದ ದೂರ ಅದರ ಅರ್ಧದಷ್ಟು, ಆದರೆ ನಡುವೆ ನಾಲ್ಕು ಕಿ.ಮೀ. ಉದ್ದದ ಸುರಂಗವಿದೆ. ಅದರೊಳಗೆ ಇರುವುದು ಒಂದೇ ಪಥ, ಕಾರು ರೈಲು ಎರಡಕ್ಕೂ ಅದೇ. ಒಂದೊಂದು ದಿಕ್ಕಿಗೆ ಒಂದೊಂದು ಹೊತ್ತಿನಲ್ಲಿ ಬಿಡುತ್ತಾರೆ. ಆ ಹೊತ್ತು ತಪ್ಪಿದರೆ ಕಾಯಬೇಕು. ಇಳಿದ ದಿನ ಮಧ್ಯಾಹ್ನದೊಳಗೆ ಆಂಕರೇಜ್‌ನಿಂದ ವಿಮಾನ ಹಿಡಿಯುವ ಲೆಕ್ಕಾಚಾರ ಹಾಕಲೇಬೇಡಿ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರು ಜೊತೆಗಿದ್ದರೆ, ನಮ್ಮ ಆಯ್ಕೆ ವ್ಯಾಂಕೂವರ್–ವ್ಯಾಂಕೂವರ್. ಅದಕ್ಕೆ ಒಂದೇ ಅಡ್ಡಿ ವೀಸಾ. ಆದರೆ ಸಿಯಾಟಲ್‌ನಿಂದ ಹೋದರೆ ಆ ಅಡ್ಡಿ ತಪ್ಪುತ್ತದೆ ಎಂದುಕೊಳ್ಳುವುದೂ ತಪ್ಪು.

ವೀಸಾ: ಜನ ಎಡವುವುದೇ ಇಲ್ಲಿ

ಅಮೆರಿಕದಲ್ಲಿರುವ ಮಗಳ ಮನೆಗೆ ಬಂದ ಅಪ್ಪ-ಅಮ್ಮನನ್ನು ಸಿಯಾಟಲ್ ಹಡಗು ಹತ್ತಿಸಲು ಅಮೆರಿಕದ ವೀಸಾ ಒಂದೇ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ಸಾಲದು. 1886ರ ಅಮೆರಿಕನ್ ಕಾಯಿದೆಯೊಂದರ ಪ್ರಕಾರ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ವಿದೇಶಿ ಬಾವುಟದವೇ. ಹಾಗಾಗಿಯೇ ಸಿಯಾಟಲ್ ಯಾನಗಳೆಲ್ಲ ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರ ಬಳಿ ಕೆನಡಾ ವೀಸಾ ಇದೆಯೇ ಎಂದು ಹಡಗು ಹತ್ತುವ ಕೌಂಟರಿನಲ್ಲೇ ನೋಡುತ್ತಾರೆ. ಇಲ್ಲದಿದ್ದರೆ ಹತ್ತಿಸುವುದಿಲ್ಲ, ದುಡ್ಡೂ ಹಿಂದಿರುಗುವುದಿಲ್ಲ. ಎಚ್-1ಬಿ ಮೇಲೆ ಇರುವವರಿಗೂ ಇದೇ ನಿಯಮ. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ, ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡಕ್ಕೂ ಅವಧಿ ಇದ್ದರೆ, ಕೆನಡಾ ವೀಸಾ ಬೇಡ.

ವ್ಯಾಂಕೂವರ್‌ನಿಂದ ಹೊರಡುವವರಿಗೆ ಎರಡೂ ದೇಶದ ವೀಸಾ ಬೇಕು, ಕೆನಡಾದ್ದು ಮರುಪ್ರವೇಶಕ್ಕೂ ಸಲ್ಲುವಂತಿರಬೇಕು. ಅಮೆರಿಕದ ಇಮಿಗ್ರೇಷನ್ ಹಡಗು ಹತ್ತುವ ಮುನ್ನ ವ್ಯಾಂಕೂವರ್‌ನ ಕ್ರೂಸ್ ನಿಲ್ದಾಣವಾದ ಕೆನಡಾ ಪ್ಲೇಸ್‌ನಲ್ಲೇ ಮುಗಿಯುತ್ತದೆ. ಎರಡು ಮೂರು ಹಡಗು ನಿಂತ ದಿನ ಆ ಸಾಲು ಒಂದೆರಡು ಗಂಟೆಗೂ ಬೆಳೆಯುತ್ತದೆ. ನಿಲ್ಲಲಾಗದ ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಬುಕಿಂಗ್ ಮಾಡುವಾಗಲೇ ತಿಳಿಸಿ. ಬಯೋಮೆಟ್ರಿಕ್ಸ್ ಸೇರಿ ಕೆನಡಾ ವೀಸಾಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ವೀಸಾ ಕೈಗೆ ಬರುವ ತನಕ ಹಣ ವಾಪಸು ಸಿಗುವ ದರದಲ್ಲೇ ಬುಕ್ ಮಾಡಿ.

ಯಾವ ಹಿಮನದಿ?

ಪ್ರಯಾಣದ ಪಟ್ಟಿಯಲ್ಲಿ 'ಗ್ಲೇಸಿಯರ್ ಬೇ' ಎಂಬ ಹೆಸರೇ ಇರಬೇಕು. ಬರೀ 'ಸೀನಿಕ್ ಕ್ರೂಸಿಂಗ್' ಎಂದಿದ್ದರೆ ಅದು ಯಾವ ಜಾಗ ಎಂದು ಕೇಳಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ, ಪರವಾನಗಿಗಳಲ್ಲಿ ಹೆಚ್ಚಿನವು ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಹಡಗುಗಳ ಪಾಲಿಗಿವೆ. ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಇಡೀ ದಿನ ಮೈಕಿನಲ್ಲಿ ವಿವರಿಸುತ್ತಾರೆ. ಸುಮಾರು ಒಂಬತ್ತು ಗಂಟೆ ಕೊಲ್ಲಿಯೊಳಗೇ ಇರುತ್ತೀರಿ.

ಎಂಡಿಕಾಟ್ ಆರ್ಮ್ ಸಮುದ್ರ ಒಳನುಗ್ಗಿದ ಕಿರಿದಾದ ಕಣಿವೆ, ಕೊನೆಯಲ್ಲಿ ಡಾಸ್ ಹಿಮನದಿ. ಕಡಿದಾದ ಬಂಡೆಗಳ ನಡುವೆ ಹೋಗುವಾಗ ಬಹಳ ಚೆಂದ. ಆದರೆ ಹಡಗು ಸಾಮಾನ್ಯವಾಗಿ ಬೆಳಗಿನ ಕೆಲವು ಗಂಟೆ ಮಾತ್ರ ಅಲ್ಲಿದ್ದು ಮಧ್ಯಾಹ್ನಕ್ಕೆ ಜೂನೋ ಸೇರುತ್ತದೆ. ಮೇ-ಜೂನ್‌ನಲ್ಲಿ ತೇಲುವ ಹಿಮಗಡ್ಡೆ ಜಾಸ್ತಿಯಿದ್ದರೆ ಹಿಮನದಿ ಕಾಣುವ ಮೊದಲೇ ಹಿಂದಿರುಗುವುದೂ ಉಂಟು. ಪಕ್ಕದ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ದೊಡ್ಡ ಭೂಕುಸಿತವಾಗಿ ಸುನಾಮಿ ಎದ್ದಿತ್ತು. ಹಳೆಯ ಪ್ರವಾಸ ಬರಹಗಳು ಹೊಗಳುವುದು ಆ ಕಣಿವೆಯನ್ನು, ಆದ್ದರಿಂದ ಹೆಸರು ಅದಲುಬದಲಾಗದಂತೆ ನೋಡಿಕೊಳ್ಳಿ.

ಹಬ್ಬರ್ಡ್ ಗಾತ್ರದಲ್ಲಿ ಎಲ್ಲವನ್ನೂ ಮೀರಿಸುತ್ತದೆ: ಉದ್ದ ಸುಮಾರು 122 ಕಿ.ಮೀ., ನೀರಿಗೆ ಮುಖಮಾಡಿದ ಗೋಡೆಯ ಅಗಲವೇ ಸುಮಾರು ಹತ್ತು ಕಿ.ಮೀ. ಅಲ್ಲಿಗೂ ಹಿಮಗಡ್ಡೆಗಳದೇ ತಡೆ. ಜುಲೈ-ಆಗಸ್ಟ್‌ನಲ್ಲಿ ಹತ್ತಿರ ಹೋಗುವ ಅವಕಾಶ ಹೆಚ್ಚು.

ಗ್ಲೇಸಿಯರ್ ಬೇಯ ಮಾರ್ಜರಿ ಹಿಮನದಿಯ ಎದುರು ಹಡಗು ಸುಮಾರು ಕಾಲು ಮೈಲಿ ದೂರದಲ್ಲಿ ನಿಂತು ನಿಧಾನವಾಗಿ ತಿರುಗುತ್ತದೆ. ಹಾಗಾಗಿ ಬಾಲ್ಕನಿ ಎಡಕ್ಕಿದ್ದರೂ ಬಲಕ್ಕಿದ್ದರೂ ಮೋಸವಿಲ್ಲ. ಹಿಮದ ಗೋಡೆ ಕಳಚಿ ಬೀಳುವುದನ್ನು ನೋಡಬೇಕಾದರೆ ಸದ್ದಿಗೆ ಕಾಯಬೇಡಿ. ಅಷ್ಟು ದೂರದಿಂದ ಸದ್ದು ಬರಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಗುಡುಗು ಕೇಳಿ ಕತ್ತು ಹೊರಳಿಸುವಷ್ಟರಲ್ಲಿ ಗಡ್ಡೆ ನೀರು ಸೇರಿ ಅಲೆ ಎದ್ದಿರುತ್ತದೆ. ಗೋಡೆಯ ಯಾವ ಭಾಗದಿಂದ ಸಕ್ಕರೆ ಸುರಿದಂತೆ ಸಣ್ಣ ಚೂರು ಉದುರುತ್ತಿದೆಯೋ ಅಲ್ಲೇ ಕಣ್ಣು ನೆಟ್ಟಿರಿ. ದೊಡ್ಡದು ಬೀಳುವುದಿದ್ದರೆ ಬಹುಮಟ್ಟಿಗೆ ಅಲ್ಲೇ. ದುರ್ಬೀನು ಎಂಟು ಪಟ್ಟು ಹಿಗ್ಗಿಸುವ 8×42 ಸಾಕು. ಹತ್ತು ಪಟ್ಟಿನದು ಹಡಗಿನ ಕಂಪನಕ್ಕೆ ಕೈಯಲ್ಲಿ ನಿಲ್ಲುವುದಿಲ್ಲ.

ಬಂದರುಗಳಲ್ಲಿ: ಖರ್ಚು ಎಲ್ಲಿ, ಉಳಿತಾಯ ಎಲ್ಲಿ

ಜೂನೋದಲ್ಲಿ ತಿಮಿಂಗಿಲಕ್ಕೆ ದುಡ್ಡು ಹಾಕಿ. ಬಂದರಿನಿಂದ ಆಕ್ ಬೇಗೆ ಅರ್ಧ ಗಂಟೆ ಬಸ್, ಆಮೇಲೆ ದೋಣಿ, ಒಟ್ಟು ಮೂರರಿಂದ ಮೂರೂವರೆ ಗಂಟೆ. ಚಿಕ್ಕ ದೋಣಿಯಲ್ಲಿ ಎಲ್ಲರಿಗೂ ಕಿಟಕಿ ಸಿಗುತ್ತದೆ, ಆದರೆ ಆರು ಜನರ ದೋಣಿಗಳಲ್ಲಿ ಹಲವಕ್ಕೆ ಶೌಚಾಲಯವೇ ಇಲ್ಲ. ಸಕ್ಕರೆ ಕಾಯಿಲೆಯವರಿಗೂ ಚಿಕ್ಕ ಮಕ್ಕಳಿಗೂ ಬೆಚ್ಚಗಿನ ಒಳಕೋಣೆಯಿರುವ ದೊಡ್ಡ ದೋಣಿಯೇ ಸರಿ. ಹಂಪ್‌ಬ್ಯಾಕ್ ತಿಮಿಂಗಿಲ ಕೆಲವು ಸಲ ಉಸಿರು ಚಿಮ್ಮಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬಾಲವನ್ನು ನೀರಿನಿಂದ ಪೂರ್ತಿ ಮೇಲೆತ್ತಿತೆಂದರೆ ಆಳಕ್ಕಿಳಿಯಿತೆಂದು ಅರ್ಥ. ಮತ್ತೆ ಏಳಲು ಐದಾರು ನಿಮಿಷವಾದರೂ ಬೇಕು. ಮಕ್ಕಳನ್ನು ಒಳಗೆ ಕರೆದು ಕೈ ಬೆಚ್ಚಗೆ ಮಾಡಿಸಲು ಅದೇ ಸಮಯ. ಬೆನ್ನು ಬಾಗಿದ್ದು ಕಂಡಾಗಲೇ ಕ್ಯಾಮೆರಾ ಎತ್ತಿರಬೇಕು, ಬಾಲ ಕಂಡ ಮೇಲೆ ಎತ್ತಿದರೆ ಸಿಗುವುದು ನೀರಿನ ಉಂಗುರ ಮಾತ್ರ.

ಹಿಮನದಿಯ ಮೇಲೆ ಇಳಿಸುವ ಹೆಲಿಕಾಪ್ಟರಿಗೆ ತಲೆಗೆ 350 ಡಾಲರ್‌ಗೂ ಮೇಲೆ. ಮೋಡ ಕವಿದರೆ ರದ್ದು, ಜೂನೋದಲ್ಲಿ ಮೋಡಕ್ಕೇನೂ ಬರವಿಲ್ಲ. 250 ಪೌಂಡ್ ಮೀರಿದವರು ಇನ್ನೊಂದು ಸೀಟಿನ ಹಣ ಕೊಡಬೇಕಾಗುತ್ತದೆ. ನಾಲ್ವರ ಕುಟುಂಬಕ್ಕೆ ಇದನ್ನು ನಾವು ಹೇಳುವುದಿಲ್ಲ. ಅದರ ಬದಲು ತಿಮಿಂಗಿಲದ ದೋಣಿ ಮುಗಿಸಿ ಮೆಂಡೆನ್‌ಹಾಲ್ ಹಿಮನದಿಗೆ ಹೋಗಿ. ನಗೆಟ್ ಜಲಪಾತದವರೆಗಿನ ಕಾಲುದಾರಿ ಹೋಗಿಬರಲು ಸುಮಾರು ಮೂರು ಕಿ.ಮೀ., ಸಪಾಟು. ಎರಡನ್ನೂ ಸೇರಿಸಿದ ಟೂರ್ ತೆಗೆದುಕೊಂಡರೆ ಬಸ್ಸಿನ ತಲೆನೋವಿಲ್ಲ, ಆದರೆ ಜಲಪಾತದ ತನಕ ನಡೆಯುವಷ್ಟು ಹೊತ್ತು ಕೊಡುತ್ತಾರೆಯೇ ಎಂದು ಕೇಳಿ. ಆಗಸ್ಟ್‌ನಲ್ಲಿ ಮೇಲಿನ ಹಿಮಸರೋವರ ಒಡೆದು ಪ್ರವಾಹ ಬಂದರೆ ಆ ಜಾಗ ಮುಚ್ಚುತ್ತದೆ. 2023, 2024, 2025ರಲ್ಲಿ ಅಂಥ ಪ್ರವಾಹ ಬಂದಿತ್ತು.

ಸ್ಕಾಗ್ವೇಯಲ್ಲಿ ವೈಟ್ ಪಾಸ್ ರೈಲು ಬಿಟ್ಟು ಬೇರೆ ಯೋಚನೆ ಬೇಡ. ಚಿನ್ನದ ಬೇಟೆಯ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಮೂರಡಿ ಅಗಲದ ನ್ಯಾರೋ ಗೇಜ್ ಹಳಿ. ಇಪ್ಪತ್ತು ಮೈಲಿಯಲ್ಲಿ 2,865 ಅಡಿ ಏರುತ್ತದೆ. ಹತ್ತುವಾಗ ನೋಟ ಹೆಚ್ಚಾಗಿ ಎಡಬದಿಗೆ. ತುದಿ ಮುಟ್ಟಿದ ಮೇಲೆ ಸೀಟಿನ ಬೆನ್ನನ್ನು ಆಚೆಗೆ ಮಗುಚಿ, ಎರಡೂ ಸಾಲಿನವರು ಜಾಗ ಬದಲಿಸಿಕೊಳ್ಳುವುದು ರೂಢಿ, ಆದ್ದರಿಂದ ಸೀಟಿಗಾಗಿ ಪೈಪೋಟಿ ಬೇಡ. ಡಬ್ಬಿಗಳ ನಡುವಿನ ಕಟ್ಟೆಯಲ್ಲಿ ನಿಂತು ನೋಡುವುದೇ ಸೊಗಸು, ಕಬ್ಬಿಣದ ಕಂಬಿ ಹಿಡಿಯಲು ಕೈಗವಸು ಇರಲಿ. ತುದಿಯವರೆಗೆ ಹೋಗಿ ಇಳಿಯದೆ ಮರಳುವ ರೈಲಿಗೆ ಪಾಸ್‌ಪೋರ್ಟ್ ಕೇಳುವುದಿಲ್ಲ. ಮುಂದೆ ಫ್ರೇಸರ್, ಕಾರ್ಕ್ರಾಸ್‌ವರೆಗೆ ಹೋಗುವ ರೈಲು-ಬಸ್ ಟೂರ್‌ಗೆ ಪಾಸ್‌ಪೋರ್ಟೂ ಕೆನಡಾ ವೀಸಾವೂ ಬೇಕು, ಹಡಗಿನ ಕೋಣೆಯ ತಿಜೋರಿಯಲ್ಲಿ ಬಿಟ್ಟು ಬಂದರೆ ಅಲ್ಲಿಗೇ ಮುಗಿಯಿತು.

ಕೆಚಿಕಾನ್‌ನಲ್ಲಿ ಉಳಿಸಿ. ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಬೀಳುವ ಊರು, ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ. ಮಿಸ್ಟಿ ಫ್ಯೋರ್ಡ್ಸ್ ಮೇಲೆ ಹಾರುವ ನೀರಿನ ವಿಮಾನ ಅದ್ಭುತವೇ, ಆದರೆ ಮಳೆ-ಮಂಜಿಗೆ ರದ್ದಾಗುವುದು ಮಾಮೂಲು. ಕ್ರೀಕ್ ಸ್ಟ್ರೀಟ್‌ನ ಮರದ ಅಟ್ಟಣಿಗೆಯ ಮೇಲೆ ನಡೆದು, ಜುಲೈ ನಂತರವಾದರೆ ಹೊಳೆಯಲ್ಲಿ ಪ್ರವಾಹದೆದುರು ಜಿಗಿಯುವ ಸಾಲ್ಮನ್ ಮೀನು ನೋಡಿ, ಸಾಕ್ಸ್‌ಮನ್ ಹಳ್ಳಿಯಲ್ಲಿ ಟ್ಲಿಂಗಿಟ್ ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳನ್ನು ನೋಡಿ ಬಂದರೆ ಬಂದರಿನ ಹೊತ್ತು ತುಂಬುತ್ತದೆ. ಒಂದು ಎಚ್ಚರಿಕೆ: ಕೆಲವು ಹಡಗುಗಳು ಊರಿನಲ್ಲಿ ನಿಲ್ಲದೆ ಏಳು ಮೈಲಿ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಬಸ್ಸಿಗೆ ಹೋಗಲು ಬರಲು ಒಂದೂವರೆ ಗಂಟೆ ತೆಗೆದಿಡಿ.

ಟೂರ್‌ಗಳನ್ನು ಹಡಗಿನಲ್ಲೇ ಕೊಳ್ಳಬೇಕೋ ಹೊರಗೋ? ಹೊರಗೆ ಅಗ್ಗ, ಗುಂಪೂ ಚಿಕ್ಕದು. ಆದರೆ ಹೊರಗಿನ ಟೂರ್ ತಡವಾದರೆ ಹಡಗು ಕಾಯುವುದಿಲ್ಲ, ಹಡಗಿನದೇ ಟೂರ್ ಆದರೆ ಕಾಯುತ್ತದೆ. ಜೂನೋದಲ್ಲಿ ರಾತ್ರಿಯವರೆಗೆ ಹಡಗು ನಿಲ್ಲುವುದಾದರೆ ಹೊರಗೆ ಕೊಳ್ಳಿ. ಸಮಯ ಬಿಗಿಯಿರುವ ಕಡೆ ಹಡಗಿನದೇ ಇರಲಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ತಾನಾಗಿ ಬದಲಾಗಿದೆಯೇ ಎಂದು ನಂಬಿ ಕೂರದೆ ಹಡಗಿನ ಗಡಿಯಾರಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ.

ಊಟ, ಬಟ್ಟೆ, ಕೋಣೆ

ದೊಡ್ಡ ಹಡಗುಗಳ ಮುಖ್ಯ ಊಟದ ಹಾಲ್‌ನಲ್ಲಿ ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದರೆ ಮರುದಿನ ಅನ್ನ, ದಾಲ್, ಪಲ್ಯ ಮಾಡಿಕೊಡುತ್ತಾರೆ. ಬಡಿಸುವವರಲ್ಲೂ ಅಡುಗೆಯವರಲ್ಲೂ ಭಾರತೀಯರು ಸಾಕಷ್ಟು. 'ವೆಜಿಟೇಬಲ್ ಸೂಪ್' ಎಂದಿದ್ದರೂ ಕೋಳಿಯ ಸ್ಟಾಕ್ ಹಾಕಿದ್ದಾರೆಯೇ ಎಂದು ಕೇಳಿ. ರೈಸ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಹಲವು ಕಂಪನಿಗಳದು ಆಕ್ಷೇಪ. ಅಂಗಡಿಯ ಸೀಲ್ ಒಡೆಯದ ಪೊಟ್ಟಣದಲ್ಲಿ ಚಟ್ನಿಪುಡಿ, ಬಿಸಿನೀರು ಹಾಕುವ ಉಪ್ಪಿಟ್ಟು, ಅವಲಕ್ಕಿ ಒಯ್ಯಿರಿ. ಬಫೆಯಲ್ಲಿ ಬಿಸಿನೀರು ಯಾವ ಹೊತ್ತಿಗೂ ಸಿಗುತ್ತದೆ. ಹಡಗಿನ ಹಣ್ಣು, ಬ್ರೆಡ್ಡನ್ನು ಬಂದರಿಗೆ ಇಳಿಸುವಂತಿಲ್ಲ.

ಬಾಲ್ಕನಿ ಒಂದು ಸಾಕು. ನಾಲ್ವರಿದ್ದರೆ ಒಂದು ಬಾಲ್ಕನಿ ಕೋಣೆ, ಎದುರಿಗೇ ಕಿಟಕಿಯಿಲ್ಲದ ಒಳಕೋಣೆ ಒಂದು, ಹೀಗೆ ತೆಗೆದುಕೊಂಡರೆ ನಾಲ್ವರೂ ಒಂದೇ ಕೋಣೆಯಲ್ಲಿ ಮೇಲಿನ ಮಡಚು ಹಾಸಿಗೆ ಹತ್ತುವ ಪಾಡಿಲ್ಲ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಒಳಕೋಣೆಯಲ್ಲಿ ಹಿರಿಯರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ವಾಂತಿಯ ಭಯವಿದ್ದರೆ ಹಡಗಿನ ನಡುಭಾಗ, ಕೆಳಗಿನ ಅಂತಸ್ತು. ಮೆಕ್ಲಿಜೀನ್ ಮಾತ್ರೆಯನ್ನು ತೊಳಸು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ.

ಬೇಸಿಗೆಯಲ್ಲಿ ಊರುಗಳಲ್ಲಿ 10ರಿಂದ 18 ಡಿಗ್ರಿ ಇರುತ್ತದೆ. ಹಿಮನದಿಯ ಎದುರು ಗಾಳಿ ಸೇರಿ ಅದಕ್ಕಿಂತ ಬಹಳ ಚಳಿ. ಒಂದೇ ದಪ್ಪ ಕೋಟಿಗಿಂತ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಟೋಪಿಯಿರುವ ಜಲನಿರೋಧಕ ಜಾಕೆಟ್ ಹಾಕಿದರೆ ಬೇಕಾದಂತೆ ಕಳಚಬಹುದು. ಜೀನ್ಸ್ ಬೇಡ. ನೆನೆದ ಹತ್ತಿ ಬಟ್ಟೆ ಸಂಜೆಯವರೆಗೂ ಒಣಗದೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಕೊಡೆ ಡೆಕ್ಕಿನ ಗಾಳಿಗೆ ಮಗುಚಿಕೊಳ್ಳುತ್ತದೆ. ಅಜ್ಜಿ ಪೆಟ್ಟಿಗೆಗೆ ಹಾಕುವ ಉಣ್ಣೆಯ ಮಂಕಿ ಕ್ಯಾಪನ್ನು ಮಕ್ಕಳು ಬೇಡವೆಂದರೂ ತೆಗೆಯಬೇಡಿ, ಮಾರ್ಜರಿಯ ಎದುರು ಅವರೇ ಕೇಳುತ್ತಾರೆ.