ಕೂತುಹೋದ ಹಿಂಭಾಗ ಎತ್ತಲು ನಾಲ್ಕು ದಾರಿ: ರಬ್ಬರ್, ಸ್ಪೇಸರ್, ಗಾಳಿ ಚೀಲ, ಹೊಸ ಸ್ಪ್ರಿಂಗ್

ಹಳೆ ಕಾರಿನ ಹಿಂಭಾಗ ಕೂತುಬಿಟ್ಟಿದೆ ಎಂದರೆ ‘ಶಾಕ್ ಬದಲಿಸಿ’ ಅನ್ನುವವರೇ ಜಾಸ್ತಿ. ಆದರೆ ಸಾಮಾನ್ಯ ಶಾಕ್ ಅಬ್ಸಾರ್ಬರ್ ಕಾರಿನ ತೂಕ ಹೊರುವುದೇ ಇಲ್ಲ. ಸ್ಪ್ರಿಂಗಿನ ಕುಣಿತ ನಿಲ್ಲಿಸುವುದಷ್ಟೇ ಅದರ ಕೆಲಸ. ಎತ್ತರ ಕಾಯುವುದು ಸ್ಪ್ರಿಂಗು. ಹಾಗಾಗಿ ಶಾಕನ್ನು ಹೊರಗಿಟ್ಟು, ಉಳಿದ ನಾಲ್ಕು ದಾರಿಗಳನ್ನು ಒಂದೇ ಕಾರಿನಲ್ಲಿ ಒಂದಾದ ಮೇಲೊಂದು ನೋಡಿದೆ. ಕಾರು ಚಿಕ್ಕ ಹ್ಯಾಚ್‌ಬ್ಯಾಕ್. ಹಿಂದಿನ ಪ್ರತಿ ಚಕ್ರಕ್ಕೂ ಕಾಯಿಲ್ (ಸುರುಳಿ) ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಒಂದರೊಳಗೊಂದು ಇಲ್ಲ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇರುವ ಗಾಡಿಯ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ.

ಮೊದಲು ಅಳತೆ. ಚಕ್ರದ ನಡುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಜಾಕ್ ಇಳಿಸಿದ ಕೂಡಲೇ ಅಳೆಯುವುದೂ ಸುಮ್ನೆ. ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಹಿಂಭಾಗವನ್ನು ಒತ್ತಿ ಬಿಟ್ಟು, ಆಮೇಲೆ ನೋಡಿ. ಖಾಲಿ ಕಾರಿಗೆ ಒಂದು ಅಳತೆ, ಹಿಂದಿನ ಸೀಟು, ಡಿಕ್ಕಿ ಎರಡೂ ತುಂಬಿದ ಮೇಲೆ ಇನ್ನೊಂದು. ಯಾವುದನ್ನು ಕೊಳ್ಳಬೇಕು ಅಂತ ಹೇಳುವುದು ಈ ಎರಡು ಅಂಕಿಗಳೇ. ಖಾಲಿ ಇದ್ದಾಗಲೂ ಕೂತಿದ್ದರೆ ಸ್ಪ್ರಿಂಗ್ ಸೋತಿದೆ. ಖಾಲಿ ಇದ್ದಾಗ ಸರಿಯಿದ್ದು, ಹೊರೆ ಬಿದ್ದಾಗ ಮಾತ್ರ ಕೂರುತ್ತದೆ ಎಂದರೆ ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸಬೇಡಿ. ನನ್ನದು ಖಾಲಿ ಇದ್ದಾಗಲೇ ಸುಮಾರು 25 ಮಿ.ಮೀ. ಇಳಿದಿತ್ತು.

ಎಲ್ಲಕ್ಕಿಂತ ಅಗ್ಗ ರಬ್ಬರ್ ಬಫರ್. ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ತುರುಕುವ ದಪ್ಪ ಬಳೆ. ಕಾರು ಎತ್ತಿ, ಸೋಪು ನೀರು ಸವರಿ ಕೂರಿಸಿದರೆ ಆಯಿತು, ಏನನ್ನೂ ಬಿಚ್ಚಬೇಕಿಲ್ಲ. ಎತ್ತರ ಸಿಕ್ಕಿದ್ದು ಹತ್ತು ಮಿ.ಮೀ. ಕೂಡ ಇಲ್ಲ. ಅಷ್ಟಕ್ಕೆ ಕೊಟ್ಟ ಬೆಲೆ ದೊಡ್ಡದು. ಒಂದು ಸುತ್ತು ಹೆಚ್ಚುಕಡಿಮೆ ಕೆಲಸ ಬಿಟ್ಟಂತೆ, ಉಳಿದವು ಅದರ ಪಾಲನ್ನೂ ಹೊರಬೇಕು. ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಸಣ್ಣ ಗುಂಡಿಗೂ ಹಿಂದಿನ ಸೀಟಿನವರಿಗೆ ಕುಕ್ಕಿದಂತಾಗುತ್ತದೆ. ರಬ್ಬರಿನ ಸಂದಿಯಲ್ಲಿ ಮಣ್ಣು ನೀರು ನಿಂತು ಸ್ಪ್ರಿಂಗಿನ ಬಣ್ಣ ಉಜ್ಜಿಹೋಗುತ್ತದೆ. ಮೊದಲೇ ಹಳೆ ಸ್ಪ್ರಿಂಗು, ಅದಕ್ಕೆ ತುಕ್ಕು ಬೇರೆ ಬೇಕಾ? ನನಗಂತೂ ಇದು ಇಷ್ಟವಾಗಲಿಲ್ಲ.

ಸ್ಪೇಸರ್ ಇದಕ್ಕಿಂತ ಎಷ್ಟೋ ಮೇಲು. ಸ್ಪ್ರಿಂಗಿನ ತುದಿಗೂ ಅದು ಕೂರುವ ಜಾಗಕ್ಕೂ ನಡುವೆ ಇಡುವ ದಪ್ಪ ಬಿಲ್ಲೆ ಇದು. ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ, ಹಾಗಾಗಿ ಸವಾರಿಯೂ ಮೊದಲಿನಂತೆಯೇ. ನನ್ನ ಕಾರಿನಲ್ಲಿ 15 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ 20 ಮಿ.ಮೀ. ಏರಿತು. ಸ್ಪ್ರಿಂಗ್ ಇರುವುದು ಚಕ್ರಕ್ಕಿಂತ ಮುಂದೆ, ಆಕ್ಸಲ್ ತೋಳು ಕಾರಿಗೆ ಕೀಲುಗೂಡುವ ಜಾಗಕ್ಕೆ ಹತ್ತಿರ. ಅದಕ್ಕೇ ಈ ಲಾಭ. ಅಂದಾಜಿಗಿಂತ ತೆಳುವಾದದ್ದನ್ನೇ ಮೊದಲು ಹಾಕಿ ನೋಡುವುದು ಒಳ್ಳೆಯದು. ಬಿಚ್ಚಿದಾಗ ಸ್ಪ್ರಿಂಗ್ ಕೂರುವ ಮೂಲ ರಬ್ಬರನ್ನೂ ನೋಡಿ. ಅದು ಚಪ್ಪಟೆಯಾಗಿದ್ದರೆ ಅದನ್ನು ಬದಲಿಸಿದರೇ ಕೆಲವು ಮಿ.ಮೀ. ವಾಪಸ್ ಬರುತ್ತದೆ. ಕೊರತೆ ಒಂದೇ: ಸೋತ ಸ್ಪ್ರಿಂಗ್ ಸೋತೇ ಇರುತ್ತದೆ. ಹೊರೆ ಹಾಕಿದರೆ ಮೊದಲು ಎಷ್ಟು ಇಳಿಯುತ್ತಿತ್ತೋ ಈಗಲೂ ಅಷ್ಟೇ ಇಳಿಯುತ್ತದೆ.

ಹೊರೆಗೆ ಮದ್ದು ಗಾಳಿ ಚೀಲ. ಸ್ಪ್ರಿಂಗಿನ ಒಳಗೆ ಕೂರುತ್ತದೆ, ಅದರ ವಾಲ್ವನ್ನು ಡಿಕ್ಕಿಯ ಹತ್ತಿರ ತಂದು ಬಿಡಬಹುದು. ಸ್ಪ್ರಿಂಗಿನೊಳಗಿಂದ ಶಾಕ್ ಹಾದುಹೋಗುವ ಕಾರಿಗೆ ಇದು ಆಗುವುದಿಲ್ಲ. ಸಾಮಾನು ತುಂಬಿದ ದಿನ ಗಾಳಿ ಏರಿಸು, ಖಾಲಿಯಾದ ಮೇಲೆ ಇಳಿಸು. ಪೂರ್ತಿ ಇಳಿಸಬಾರದು, ತಯಾರಕರು ಹೇಳಿದ ಕನಿಷ್ಠ ಗಾಳಿ ಇರಲೇಬೇಕು. ಇಲ್ಲದಿದ್ದರೆ ಚೀಲ ಸ್ಪ್ರಿಂಗಿಗೆ ಸಿಕ್ಕಿ ಸವೆಯುತ್ತದೆ. ಕೊಳವೆಯೂ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಇರಲಿ. ಒಂದೇ ವಾಲ್ವಿಗೆ ಸೇರಿಸಿದರೆ ತಿರುವಿನಲ್ಲಿ ಒತ್ತಡ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡುತ್ತದೆ, ಕಾರು ಇನ್ನೂ ವಾಲುತ್ತದೆ. ಚೀಲದಲ್ಲಿ ಹಿಡಿಸುವ ಗಾಳಿ ಬಹಳ ಕಡಿಮೆ, ಆದ್ದರಿಂದ ದೊಡ್ಡ ಕಂಪ್ರೆಸರ್ ಒಂದೇ ಉಸಿರಿಗೆ ಮಿತಿ ದಾಟಿಸಿಬಿಡುತ್ತದೆ. ಕೈ ಪಂಪೇ ವಾಸಿ. ಗೇಜ್ ಹಚ್ಚಿ ತೆಗೆದರೂ ಒತ್ತಡ ಇಳಿಯುತ್ತದೆ! ಇಷ್ಟು ಕಿರಿಕಿರಿ ಇದ್ದರೂ ಇದು ನನ್ನ ಮೆಚ್ಚಿನದು. ಆದರೆ ಸತ್ತ ಸ್ಪ್ರಿಂಗನ್ನು ಗಾಳಿಯಿಂದ ಎತ್ತಿ ನಿಲ್ಲಿಸಲು ಬಳಸಬೇಡಿ. ಒಂದು ಚೀಲ ತೂತಾದರೆ ಕಾರು ಒಂದೇ ಕಡೆ ಕೂರುತ್ತದೆ.

ಕೊನೆಗೆ ಹೊಸ ಸ್ಪ್ರಿಂಗ್ ಜೋಡಿ. ದುಬಾರಿ ಅನ್ನಿಸುತ್ತದೆ, ಅಲ್ವಾ? ಕೂಲಿ ಸೇರಿಸಿ ನೋಡಿ. ಸ್ಪೇಸರ್ ಇಡಲು ಬಿಚ್ಚುವುದನ್ನೆಲ್ಲ ಇದಕ್ಕೂ ಬಿಚ್ಚಬೇಕು, ಹೆಚ್ಚೇನಿಲ್ಲ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಬ್ರೇಕ್ ಹೋಸ್ ಎಳೆಯದಂತೆ ನಿಧಾನವಾಗಿ ಆಕ್ಸಲ್ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಶಾಕಿನ ಸುತ್ತ ಸ್ಪ್ರಿಂಗ್ ಇರುವ ಕಾರಿನಲ್ಲಿ ಹೀಗೆ ಮಾಡಲು ಹೋಗಬೇಡಿ, ಅದಕ್ಕೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ‘ಹೆವಿ ಡ್ಯೂಟಿ’ ಆಸೆಗೂ ಬೀಳಬೇಡಿ. ತಂತಿಯ ದಪ್ಪ 10% ಹೆಚ್ಚಾದರೆ ಗಡಸುತನ 46% ಏರುತ್ತದೆ. ಖಾಲಿ ಕಾರು ರಸ್ತೆ ಉಬ್ಬಿನ ಮೇಲೆ ಎಗರುತ್ತದೆ. ಮಾಮೂಲಿ ಸ್ಪ್ರಿಂಗೇ ಹಾಕಿದೆ, ಇಳಿದಿದ್ದ 25 ಮಿ.ಮೀ. ಪೂರ್ತಿ ಬಂತು. ಗುಜರಿಯಿಂದ ತಂದ ಸ್ಪ್ರಿಂಗ್ ಕೂಡ ನಿಮ್ಮದರಷ್ಟೇ ಹಳೆಯದಿರಬಹುದು. ಇನ್ನು ಸ್ಪ್ರಿಂಗ್ ಕಾಯಿಸಿ ಎಳೆಯುತ್ತೇವೆ ಎನ್ನುವವರಿಂದ ದೂರ ಇರಿ. ಬೆಂಕಿ ತಗುಲಿದರೆ ಉಕ್ಕಿನ ಹದ ಕೆಡುತ್ತದೆ.

ಈಗ ನನ್ನ ಕಾರಿನಲ್ಲಿರುವುದು ಹೊಸ ಸ್ಪ್ರಿಂಗು, ಅದರೊಳಗೆ ಅದೇ ಗಾಳಿ ಚೀಲ. ಕೈ ಬಿಗಿ ಇದ್ದು, ಇಳಿತವೂ ಸ್ವಲ್ಪವೇ ಆಗಿದ್ದರೆ ಸ್ಪೇಸರ್ ಸಾಕು.

ಯಾವುದಕ್ಕೇ ಆಗಲಿ ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿದ್ದರೆ ಅದನ್ನು ಕಾರು ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು, ಇಲ್ಲವಾದರೆ ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ತಿರುಚಿಕೊಂಡೇ ಉಳಿಯುತ್ತದೆ. ಹಿಂಭಾಗ ಏರಿದಷ್ಟೂ ಹೆಡ್‌ಲೈಟ್ ಬೆಳಕು ಕೆಳಗಿಳಿಯುತ್ತದೆ, ಅದನ್ನು ಹೊಂದಿಸಿಕೊಳ್ಳಿ. ಕೆಲವು ಕಾರುಗಳಲ್ಲಿ ಹೊರೆ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಆಕ್ಸಲ್‌ಗೆ ಜೋಡಿಸಿರುತ್ತದೆ. ಸ್ಪೇಸರ್‌ನಿಂದ ಮೂಲ ಎತ್ತರಕ್ಕಿಂತ ಮೇಲೆ ಹೋದರೆ ಅದು ಕಾರು ಹಗುರವಾಗಿದೆ ಎಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಅದನ್ನು ಮೆಕ್ಯಾನಿಕ್ ಕೈಯಲ್ಲೇ ಸರಿಮಾಡಿಸಿ.