ಕಸದ ಜಾಗ ಹುಡುಕಲು ಕ್ಯೂಜಿಐಎಸ್: ವರ್ಷಗಟ್ಟಲೆ ಬಳಸಿದ ಮೇಲೆ

ನಗರದ ಕಸಕ್ಕೆ ಸರಿಯಾದ ಜಾಗವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ತಾನೇ ತೋರಿಸಿಕೊಡುತ್ತದೆ ಎಂಬ ನಂಬಿಕೆಯಿಂದ ಇದನ್ನು ಇಳಿಸಿಕೊಳ್ಳಬೇಡಿ. ಇದು ನಿಜಕ್ಕೂ ಚೆನ್ನಾಗಿ ಮಾಡುವುದು ಬೇಡದ ಜಾಗ ತೆಗೆದುಹಾಕುವ ಕೆಲಸ. ನದಿ, ಕೆರೆ, ಬಾವಿ, ಜನವಸತಿ, ವಿಮಾನ ನಿಲ್ದಾಣ (ಕಸಕ್ಕೆ ಮುತ್ತುವ ಹಕ್ಕಿಗಳು ವಿಮಾನಕ್ಕೆ ಅಪಾಯ) ಹೀಗೆ ಒಂದೊಂದರ ಸುತ್ತ ಬಫರ್ (ಇಷ್ಟು ದೂರ ಬಿಡಬೇಕೆಂಬ ವಲಯ) ಹಾಕುತ್ತ ಹೋದರೆ, ವಿಶಾಲವಾಗಿ ಕಂಡ ನಕ್ಷೆಯಲ್ಲಿ ಕೊನೆಗೆ ಉಳಿಯುವುದು ನಾಲ್ಕಾರು ತುಂಡು ನೆಲ.

2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ನಾನು ಇದನ್ನು ಬಿಡದಿರಲು ಕಾರಣ ಅದರ ಮಾಡೆಲ್ ಡಿಸೈನರ್. ಬಫರ್, ಇಳಿಜಾರು, ಅಂಕ ಹಾಕುವುದು, ಎಲ್ಲವನ್ನೂ ಸರಪಳಿಯಾಗಿ ಪೋಣಿಸಿಟ್ಟರೆ, ಸಭೆಯಲ್ಲಿ ಯಾರೋ ‘500 ಮೀಟರ್ ಸಾಲದು, 1000 ಮಾಡಿ’ ಎಂದಾಗ ಒಂದು ಅಂಕಿ ಬದಲಿಸಿ ಮತ್ತೆ ಓಡಿಸಿದರಾಯಿತು. ವಾದ ಅಲ್ಲೇ ನಕ್ಷೆಯ ಮುಂದೆ ನಡೆಯುತ್ತದೆ.

ಹೊಸಬರಿಗೆ ಒಂದು ಮಾತು: ಅಕ್ಷಾಂಶ-ರೇಖಾಂಶದಲ್ಲಿರುವ ಲೇಯರ್‌ಗೆ ಬಫರ್ ದೂರ 500 ಎಂದು ಕೊಟ್ಟರೆ ಅದು ಮೀಟರ್ ಅಲ್ಲ, ಡಿಗ್ರಿ. ಮೊದಲು ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕಕ್ಕೆ ಬದಲಿಸಿಕೊಳ್ಳಿ.

ಇನ್ನು ತೊಡಕೆಲ್ಲ ಇರುವುದು ಒಳಗೆ ಹಾಕುವ ದತ್ತಾಂಶದಲ್ಲಿ. ಇಳಿಜಾರಿಗೆ ಬಹಳಷ್ಟು ಮಂದಿ ಬಳಸುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು, ಪಿಕ್ಸೆಲ್ ಸುಮಾರು 30 ಮೀಟರ್. ಆಮೇಲೆ ಅಗೆದ ಕಲ್ಲುಕ್ವಾರಿ ಅದರಲ್ಲಿ ಇಲ್ಲವೇ ಇಲ್ಲ. ದಟ್ಟ ಕಾಡಿದ್ದಲ್ಲಿ ಮರದ ಎತ್ತರವೂ ನೆಲದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅಂತರ್ಜಲದ್ದು ಇನ್ನೂ ಮೋಸ. ದೂರದೂರದ ಕೆಲವೇ ಬಾವಿಗಳ ಅಳತೆ ಕೊಟ್ಟರೂ ಇಂಟರ್‌ಪೊಲೇಷನ್ (ಅಳತೆಗಳ ನಡುವಿನ ಬೆಲೆ ಊಹಿಸುವ ಲೆಕ್ಕ) ನಡುವಿನ ನೆಲಕ್ಕೆಲ್ಲ ನುಣ್ಣಗೆ ಬಣ್ಣ ಬಳಿದುಕೊಡುತ್ತದೆ. ಎಲ್ಲಿ ಅಳೆದದ್ದು, ಎಲ್ಲಿ ಊಹೆ ಎಂಬುದು ಆ ಬಣ್ಣದಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ಬಾವಿಗಳ ಚುಕ್ಕಿಗಳನ್ನು ಮೇಲೆ ಇಡದೆ ಆ ನಕ್ಷೆಯನ್ನು ಯಾರಿಗೂ ಕೊಡುವುದಿಲ್ಲ.

ಇನ್ನು ಯಾವ ಅಂಶಕ್ಕೆ ಎಷ್ಟು ತೂಕ ಕೊಡುವುದು ಎಂಬ ವಿಚಾರ. ಥಾಮಸ್ ಸಾಟಿ ರೂಪಿಸಿದ ಎಎಚ್‌ಪಿ ವಿಧಾನದಲ್ಲಿ (ಅಂಶಗಳನ್ನು ಎರಡೆರಡಾಗಿ ಹೋಲಿಸಿ ತೂಕ ನಿಗದಿ ಮಾಡುವುದು) ಅಸಂಗತಿಯ ಅನುಪಾತ 0.1ಕ್ಕಿಂತ ಕಡಿಮೆ ಬಂದರೆ ಜನ ನಿಟ್ಟುಸಿರು ಬಿಡುತ್ತಾರೆ. ಅದರರ್ಥ ನಿಮ್ಮ ಹೋಲಿಕೆಗಳು ಒಂದನ್ನೊಂದು ಹೆಚ್ಚೇನೂ ಅಲ್ಲಗಳೆಯುತ್ತಿಲ್ಲ ಎಂದಷ್ಟೇ. ಅವು ಸರಿ ಎಂದಲ್ಲ. ಬರೀ ಅಂಕ ಕೂಡಿಸುವ ಪದ್ಧತಿಯಲ್ಲಿ ಇನ್ನೊಂದು ಅಪಾಯವಿದೆ: ರಸ್ತೆ ಹತ್ತಿರವಿದೆ ಎಂಬ ಹೆಚ್ಚು ಅಂಕ, ಅಂತರ್ಜಲ ಮೇಲೆಯೇ ಇದೆ ಎಂಬ ಕಡಿಮೆ ಅಂಕವನ್ನು ಮುಚ್ಚಿಹಾಕುತ್ತದೆ. ಕಸದ ರಸ ನೆಲಕ್ಕಿಳಿಯುವಾಗ ರಸ್ತೆಯ ಅನುಕೂಲ ಅದನ್ನು ತಡೆಯುವುದಿಲ್ಲವಲ್ಲ! ನಿಷಿದ್ಧ ಜಾಗಗಳಿಗೆ 0, ಉಳಿದವಕ್ಕೆ 1 ಎಂಬ ರಾಸ್ಟರ್ (ಚೌಕಚೌಕಕ್ಕೂ ಒಂದು ಅಂಕಿಯಿರುವ ನಕ್ಷೆ) ಮಾಡಿ, ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಒಟ್ಟು ಅಂಕಕ್ಕೆ ಗುಣಿಸಿಬಿಡಿ. ನಂತರ ತೂಕ ಬದಲಿಸಿ ಹಲವು ಸಲ ಓಡಿಸಿ. ಪ್ರತಿಸಲವೂ ಉಳಿದುಕೊಳ್ಳುವ ತುಂಡುಗಳಲ್ಲಿ ಮಾತ್ರ ಮಣ್ಣು ಕೊರೆದು ನೋಡಿದರೆ ಖರ್ಚು ಉಳಿಯುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದು ಕಡಿತ ಬಣ್ಣಕ್ಕಾಗಿ: ಅಂಕಗಳನ್ನು ವರ್ಗ ಮಾಡಿದಾಗ ಗಡಿ 60ಕ್ಕೆ ಬಿದ್ದರೆ 59 ಕೆಂಪು, 61 ಹಸಿರು, ನೋಡುವವರು ನಂಬಿಬಿಡುತ್ತಾರೆ.