ದುಬಾರಿ ಅಂಗಡಿಯ ಪಾಲಿಶ್ ಇಲ್ಲದ ಅಕ್ಕಿಯೋ, ಗಂಗಾವತಿ ಮಿಲ್ಲಿನ ಹಳೆ ಸೋನಾವೋ?

ದಿನದ ಊಟಕ್ಕೆ ನನ್ನ ಆಯ್ಕೆ ಗಂಗಾವತಿ ಮಿಲ್ಲಿನ ಹಳೆ ಸೋನಾ ಮಸೂರಿಯೇ, ಅದೂ ಸ್ಟೀಮ್ ಮಾಡದ ಅಕ್ಕಿ. ಬಳ್ಳಾರಿಯ ಸಾವಯವ ಅಂಗಡಿಯೊಂದರಲ್ಲಿ ‘ಒಂದು ವರ್ಷ ಹಳೆಯದು, ಪಾಲಿಶ್ ಇಲ್ಲ’ ಎಂದು ಬರೆದ ಒಂದು ಕೆಜಿ ಪ್ಯಾಕೆಟ್ ಸಿಗುತ್ತದೆ. ಬೆಲೆ ಮಿಲ್ ಅಕ್ಕಿಯ ದುಪ್ಪಟ್ಟು. ಎರಡನ್ನೂ, ಜೊತೆಗೆ ಕಿರಾಣಿ ಅಂಗಡಿಯ ಸ್ಟೀಮ್ ಅಕ್ಕಿಯನ್ನೂ ಬಳಸಿ ನೋಡಿದ್ದೇನೆ.

ದುಬಾರಿ ಪ್ಯಾಕೆಟ್ಟಿನ ದೊಡ್ಡ ತೊಡಕು ಕಮಟು ವಾಸನೆ. ಪಾಲಿಶ್ ಮಾಡದ ಅಕ್ಕಿಯ ಮೇಲೆ ತೌಡಿನ ಪದರ ಹಾಗೇ ಉಳಿದಿರುತ್ತದೆ. ಆ ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆ. ಭತ್ತಕ್ಕೆ ಹೊಟ್ಟು ಇರುವತನಕ ಎಣ್ಣೆ ಕೆಡುವುದಿಲ್ಲ. ಹೊಟ್ಟು ಸುಲಿದ ಮೇಲೆ ತೌಡಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆಯತೊಡಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಇದು ಇನ್ನೂ ಬೇಗ ಆಗುತ್ತದೆ. ಹಳೆಯದಾಗಬೇಕಾದದ್ದು ಭತ್ತ, ಇಲ್ಲವೇ ತೌಡು ತೆಗೆದ ಬಿಳಿ ಅಕ್ಕಿ. ಸುಲಿದು ವರ್ಷ ಇಟ್ಟ ಪಾಲಿಶ್ ಇಲ್ಲದ ಅಕ್ಕಿಗೆ ದುಡ್ಡು ಕೊಡಬಾರದು.

ಪ್ಯಾಕೆಟ್ ಮೇಲೆ ಇರುವುದು ತುಂಬಿದ ತಿಂಗಳು. ಭತ್ತ ಮಿಲ್ ಮಾಡಿಸಿದ್ದು ಯಾವಾಗ ಎಂಬುದು ಅದರಲ್ಲಿ ಇರಲಿಲ್ಲ. ದೊಡ್ಡ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಅಕ್ಕಿಯನ್ನು ನಿನ್ನೆ ತುಂಬಿದರೂ ದಿನಾಂಕ ಹೊಸದೇ. ಹಾಗಾಗಿ ‘ಮಿಲ್ ಮಾಡಿಸಿ ಎಷ್ಟು ತಿಂಗಳಾಯ್ತು?’ ಎಂದೇ ಕೇಳಬೇಕು. ಉತ್ತರ ಸಿಗದಿದ್ದರೆ ಬಿಡಿ. ತಂದದ್ದನ್ನು ಒಂದು ಹಿಡಿ ಅಂಗೈಯಲ್ಲಿ ಬೆಚ್ಚಗಾಗುವಂತೆ ಉಜ್ಜಿ ಮೂಸಿ. ಹಳಸಿದ ಎಣ್ಣೆಯ ವಾಸನೆ ಬಂದರೆ ಎಷ್ಟು ತೊಳೆದರೂ ಹೋಗದು, ಅನ್ನದಲ್ಲಿ ಇನ್ನೂ ಹೆಚ್ಚುತ್ತದೆ. ಚೆನ್ನಾಗಿದ್ದರೆ ಅರ್ಧ ಗಂಟೆಗೂ ಹೆಚ್ಚು ನೆನೆಸಿ, ಲೋಟಕ್ಕೆ ಮೂರು ಲೋಟ ನೀರಿಡಬೇಕು.

ಸ್ಟೀಮ್ ಅಕ್ಕಿ ಚಿತ್ರಾನ್ನ, ಪಲಾವಿಗೆ ಸರಿ. ಸುಲಿಯುವ ಮುಂಚೆ ಭತ್ತಕ್ಕೆ ಹಬೆ ಕೊಟ್ಟಿರುವುದರಿಂದ ಹೊಸ ಬೆಳೆಯಾದರೂ ಅಗುಳು ಬಿಡಿಬಿಡಿ. ಇದನ್ನೇ ಹಳೆ ಅಕ್ಕಿ ಎಂದು ದಾಟಿಸುವವರೂ ಇದ್ದಾರೆ. ಆದರೆ ಸಾರು ಹೀರುವುದಿಲ್ಲ, ತಟ್ಟೆಯಲ್ಲಿ ಸಾರು ಒಂದು ಕಡೆ, ಅನ್ನ ಒಂದು ಕಡೆ.

ಮಿಲ್ಲಿನ ಹಳೆ ಸೋನಾ ನೋಡುವಾಗ ಬಣ್ಣ ನಸು ಹಳದಿ ಇರಲಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ ಎಂದು ಮುರಿಯಬೇಕು. ಹೊಸ ಅಕ್ಕಿ ಮೆತ್ತಗೆ ಪುಡಿಯಾಗುತ್ತದೆ. ಕುಕ್ಕರಿಗೆ ಲೋಟಕ್ಕೆ ಎರಡೂಕಾಲು ಲೋಟ ನೀರು. ಹೊಸದಕ್ಕೂ ಅಷ್ಟೇ ಹಾಕಿದರೆ ಮುದ್ದೆ. ಬೆಲೆ ಹೋಲಿಸುವಾಗ ಚೀಲದ ತೂಕ ನೋಡಿ: 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಚೀಲಕ್ಕೆ ಶೇ 5 ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲಗಳು ಶುರುವಾದವು. 25ರಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ಮಧ್ಯಾಹ್ನ ಜೋಳದ ರೊಟ್ಟಿ, ರಾತ್ರಿ ಅನ್ನ-ಸಾರು, ಕೊನೆಗೆ ಮೊಸರನ್ನ. ನಾಲ್ಕು ಜನರ ಈ ರೂಢಿಗೂ ತಿಂಗಳ ಖರ್ಚಿಗೂ ಚೀಲವೇ ಹೊಂದುತ್ತದೆ. ಒಬ್ಬರೋ ಇಬ್ಬರೋ ಇರುವ ಮನೆಯಾದರೆ ಚೀಲ ಮುಗಿಯುವ ಮುಂಚೆ ನುಸಿ ಬೀಳುತ್ತದೆ, ಅಂಥವರು ಅದೇ ಮಿಲ್ ಅಕ್ಕಿಯನ್ನು ಬಿಡಿಯಾಗಿ ಐದು ಕೆಜಿ ತರುವುದು ಒಳ್ಳೆಯದು. ಹುಳ ಕಂಡರೆ ಬಿಸಿಲಿಗೆ ಹಾಕಬೇಡಿ, ಕಾಳು ಬಿರುಕು ಬಿಟ್ಟು ಬೇಯುವಾಗ ನುಚ್ಚಾಗುತ್ತದೆ. ನೆರಳಿನಲ್ಲಿ ಹರಡಿ, ಮೊರದಲ್ಲಿ ಕೇರಿ, ಒಣಗಿದ ಬೇವಿನೆಲೆ ಹಾಕಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಪಾಲಿಶ್ ಇಲ್ಲದ್ದೇ ಬೇಕೆನ್ನುವವರು ಒಂದೇ ಕೆಜಿ ತಂದು ಫ್ರಿಜ್ಜಿನಲ್ಲಿಡಿ.